ಕಿವಿರಾಯ ಕೈ ಎತ್ತಿದಾಗ

ವಾಲ್ವಿನ ಆ ದಪ್ಪ ಕಬ್ಬಿಣದ ಹೊಟ್ಟೆಯೊಳಗೆ ಒಬ್ಬ ಮುದುಕಿ ಕೂತಿದ್ದಾಳೆ ಎಂದು ಗುಬ್ಬಿ ಬಹಳ ವರ್ಷ ನಂಬಿಕೊಂಡಿದ್ದಳು. ನಂಬಿಸಿದವನು ಸೋದರಮಾವ. ಅಮ್ಮ ಕೆಲಸಕ್ಕೆ ಹೋಗುವ ದಿನಗಳಲ್ಲಿ ಅವಳನ್ನು ತನ್ನಣ್ಣನ ವಾಲ್ವ್ ರೂಮಿನಲ್ಲಿ ಬಿಟ್ಟು ಹೋಗುತ್ತಿದ್ದಳು. ಮಾವ ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ಅವಳನ್ನು ಕೂರಿಸಿ, ನೆಲದಿಂದೆದ್ದು ಸೂರು ತೂರಿಕೊಂಡು ಹೋಗುವ ಕೆಂಪು ಪೈಪಿನ ಬೆನ್ನು ತಟ್ಟಿ ಕಥೆ ತೆಗೆಯುತ್ತಿದ್ದ.

"ಕೆಳಗಡೆ ನೀರಣ್ಣ ಇದ್ದಾನೆ ಕಣೇ. ಗೂಳಿ ಥರ. ಹಗಲೂ ರಾತ್ರಿ ತಲೆ ಕೊಟ್ಟು ಗುದ್ದುತಾನೆ. ಮೇಲೆ ಗಾಳಿಯಜ್ಜಿ, ಕಡ್ಡಿ ಥರ ಮುದುಕಿ. ನಡುವೆ ಒಂದು ಮುಚ್ಚಳ. ಅಜ್ಜಿ ಅದರ ಮೇಲೆ ಕೂತ್ಬಿಟ್ಟಿದ್ದಾಳೆ."

"ಅಷ್ಟು ತೆಳ್ಳಗಿದ್ರೆ ಗೂಳಿ ಎತ್ತಿ ಒಗೆಯಲ್ವಾ ಮಾವ?"

"ಅಲ್ಲೇ ಇರೋದು ಗಮ್ಮತ್ತು. ಗೂಳಿಗೆ ಕೆಳಗಡೆ ತಲೆ ಕೊಡೋಕೆ ಸಿಕ್ಕಿರೋದು ಇಷ್ಟೇ ಇಷ್ಟು ಜಾಗ. ಅಜ್ಜಿ ಮೇಲಿಂದ ಅಗಲವಾಗಿ ಕಾಲು ಚಾಚ್ಕೊಂಡು ಕೂತಿದ್ದಾಳೆ. ಅಗಲವಾಗಿ ಕೂತೋರನ್ನ ಎಬ್ಬಿಸೋದು ಕಷ್ಟ. ನಿಮ್ಮತ್ತೇನ ನೋಡಿಲ್ವಾ?"

ಗೋಡೆಯಾಚೆಯ ಮನೆಯಿಂದ ಅತ್ತೆ, "ಕೇಳಿಸ್ತು ರೀ, ಕೇಳಿಸ್ತು!" ಎಂದು ಕೂಗುತ್ತಿದ್ದಳು. ವಾಲ್ವ್ ರೂಮಿಗೂ ಅವರ ಮನೆಗೂ ಒಂದೇ ಗೋಡೆ. ಕೆಲಸದ ಜೊತೆಗೇ ಬಂದ ಮನೆ ಅದು.

ಪಕ್ಕದ ದೊಡ್ಡ ಕಟ್ಟಡ ಕೋಲ್ಡ್ ಸ್ಟೋರೇಜು. ಅಲ್ಲಿ ಬಟಾಣಿ ಕಲ್ಲಿನ ಹಾಗೆ ಹೆಪ್ಪುಗಟ್ಟಿ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತಿತ್ತು. ಅಂಥ ಚಳಿಯಲ್ಲಿ ಸೂರಿನ ಪೈಪುಗಳಲ್ಲಿ ನೀರು ನಿಲ್ಲಿಸಿದರೆ ಅದೂ ಹೆಪ್ಪುಗಟ್ಟಿ ಪೈಪನ್ನೇ ಸೀಳುತ್ತದೆ. ಅದಕ್ಕೇ ಅಲ್ಲಿ ಬರೀ ಗಾಳಿ. ಎಲ್ಲಾದರೂ ಬೆಂಕಿ ಹೊತ್ತಿಕೊಂಡರೆ ಸೂರಿನಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ಪುಟ್ಟ ಗಾಜು ಸಿಡಿದು ತೂತು ಬೀಳುತ್ತದೆ. ಆ ತೂತಿನಿಂದ ಗಾಳಿಯಜ್ಜಿ ಎದ್ದು ಹೊರಟುಹೋಗುತ್ತಾಳೆ. ಮುಚ್ಚಳ ತೆರೆಯುತ್ತದೆ. ಗೂಳಿ ನುಗ್ಗುತ್ತದೆ. ಇಷ್ಟೇ ಕಥೆ. ಗುಬ್ಬಿ ದೊಡ್ಡವಳಾಗಿ, ಇಂಥ ವಾಲ್ವುಗಳನ್ನು ಪರೀಕ್ಷೆ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಊರೂರು ಸುತ್ತಿದ ಮೇಲೂ, ಯಾವ ಪುಸ್ತಕವೂ ಇದನ್ನು ಮಾವನಿಗಿಂತ ಚೆನ್ನಾಗಿ ಹೇಳಿದ್ದನ್ನು ಅವಳು ಕಾಣಲಿಲ್ಲ. ಆ ಆವರಣದಲ್ಲಂತೂ ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವರ ತನಕ ಯಾರ ಬಾಯಲ್ಲೂ 'ವಾಲ್ವ್ ತೆರೆಯಿತು' ಎಂಬ ಮಾತಿರಲಿಲ್ಲ. 'ಅಜ್ಜಿ ಎದ್ದಳು' ಎನ್ನುತ್ತಿದ್ದರು.

ಮಾವನಿಗೆ ಅಲ್ಲಿದ್ದ ಹೆಸರು ಕಿವಿರಾಯ. ಪೈಪಿನ ಯಾವುದೋ ಸಂದಿಯಿಂದ ಗಾಳಿ ಸೋರಿದರೆ ಬೇರೆ ಕಡೆಯವರು ಸೋಪಿನ ನೀರು, ಬ್ರಷ್ಷು, ಏಣಿ ಎಂದು ದಿನಗಟ್ಟಲೆ ಒದ್ದಾಡುತ್ತಾರೆ. ಮಾವ ಸುಮ್ಮನೆ ಒಳಗೆ ಹೋಗಿ ನಿಂತು ಬಲಗೈ ಎತ್ತುತ್ತಿದ್ದ. ಕಿವಿರಾಯ ಕೈ ಎತ್ತಿದ ಅಂದರೆ ಮುಗಿಯಿತು. ಪ್ಯಾಕಿಂಗ್ ಮಾಡುವ ಹೆಂಗಸರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು, ಗಾಡಿ ತಳ್ಳುವವನು ಗಾಡಿಯನ್ನು ಅಲ್ಲೇ ಬಿಡುತ್ತಿದ್ದ, ಕೆಮ್ಮು ಬಂದವರು ಗ್ಲೌಸಿನ ಕೈಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಾವ ಕತ್ತು ವಾಲಿಸಿ, ನೆಲದೊಳಗಿನ ಹುಳುವಿಗೆ ಕಿವಿಗೊಟ್ಟ ಹಕ್ಕಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು, ಎಲ್ಲೋ ಒಂದು ಕಡೆ ನಿಂತು ಮೇಲಕ್ಕೆ ಬೆರಳು ತೋರಿಸುತ್ತಿದ್ದ. ಸೋರಿಕೆ ಅಲ್ಲೇ ಇರುತ್ತಿತ್ತು. ಆಮೇಲೆ ಅವನು ಕೈ ಇಳಿಸಿದ್ದೇ ತಡ, ಅರ್ಧಕ್ಕೆ ನಿಂತ ಮಾತುಗಳೆಲ್ಲ ಒಟ್ಟಿಗೆ ಗೊಳ್ಳೆಂದು ಬಿಡುಗಡೆಯಾಗುತ್ತಿದ್ದವು.

ಅವತ್ತು ಬೆಳಿಗ್ಗೆ ಅದೇ ವಾಲ್ವಿನ ಪರೀಕ್ಷೆಗೆಂದು ಚೀಲ ಹೊತ್ತುಕೊಂಡು ಗುಬ್ಬಿ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಎದುರಾದವರು ಮ್ಯಾನೇಜರು. ಕೆಟ್ಟ ಮನುಷ್ಯನಲ್ಲ. ಯಾರಿಗಾದರೂ ಕಹಿ ಹೇಳಬೇಕಾದಾಗ ತನ್ನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುವ ಮನುಷ್ಯ.

"ನಿಮ್ಮ ಮಾವ ಅಂತಾನೇ ನಿಮ್ಮನ್ನ ಕರೆಸಿದ್ದಮ್ಮ," ಎಂದರು, ಪೆನ್ನು ಟಕ್ಕೆನ್ನಿಸುತ್ತ. "ಹೋದ ವರ್ಷ ಆಗಿದ್ದು ನಿಮಗೂ ಗೊತ್ತು. ವಾಲ್ವ್ ರೂಮನ್ನ ಹೊರಗಿನ ಕಂಪನಿಗೆ ಕೊಟ್ಟುಬಿಡಿ ಅಂತ ಮೇಲಿನೋರು ಆಗಿಂದ ಪಟ್ಟು ಹಿಡಿದು ಕೂತಿದ್ದಾರೆ. ಮನೆ ಸಮೇತ. ಇವತ್ತು ಎಲ್ಲ ಸರಿ ಇದೆ ಅಂತ ನೀವು ಹಸಿರು ಚೀಟಿ ಕಟ್ಟಿಬಿಟ್ರೆ ನಾನು ಅವರ ಬಾಯಿ ಮುಚ್ಚಿಸ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

ಹೋದ ವರ್ಷ ಆಗಿದ್ದು ಇಷ್ಟು: ಬೆಂಕಿಯಿಲ್ಲ, ಹೊಗೆಯಿಲ್ಲ, ಅಜ್ಜಿ ಸುಮ್ಮಸುಮ್ಮನೆ ಎದ್ದುಬಿಟ್ಟಿದ್ದಳು. ಎಲ್ಲೋ ಗಾಳಿ ಸೋರಿ ಸೋರಿ, ಮುಚ್ಚಳ ಹಗುರಾಗಿ, ನೀರು ಸೂರಿನ ಪೈಪುಗಳಿಗೆಲ್ಲ ನುಗ್ಗಿ ಅಲ್ಲೇ ಹೆಪ್ಪುಗಟ್ಟಿತ್ತು. ಪೈಪುಗಳು ಬಲಿತ ಕಾಯಿಯ ಹಾಗೆ ಸೀಳಿದವು. ರಿಪೇರಿಗೆಂದು ಕೋಣೆಯನ್ನು ಬೆಚ್ಚಗೆ ಮಾಡಬೇಕಾಯಿತು. ಬಟಾಣಿಯೆಲ್ಲ ಮೆತ್ತಗಾಗಿ, ಹುಳಿ ನಾತ ಹೊಡೆದು, ಲಾರಿಗಟ್ಟಲೆ ತಿಪ್ಪೆ ಸೇರಿತು. ಪ್ಯಾಕಿಂಗ್ ಹೆಂಗಸರು, ಅವರ ಜೊತೆ ಅದೇ ಮೇಜಿನಲ್ಲಿ ನಿಲ್ಲುವ ಅತ್ತೆ, ಎಲ್ಲರೂ ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಮಾವ ಮಾತ್ರ ಆ ಖಾಲಿ ಕೋಣೆಯಲ್ಲಿ ಒಬ್ಬನೇ ಓಡಾಡುತ್ತಿದ್ದನಂತೆ.

ವಾಲ್ವ್ ರೂಮಿನ ಬಾಗಿಲಲ್ಲಿ ಮಾವ ನಿಂತಿದ್ದ. "ಬಂದ್ಯಾ ಗುಬ್ಬಿ! ಬಾ ಬಾ. ಪರೀಕ್ಷೆ ಮಾಡೋಕೆ ಬಂದೋಳು ಮೊದಲು ಟೀ ಪರೀಕ್ಷೆ ಮಾಡು. ತೆಳ್ಳಗಾಗಿದ್ದೀಯಲ್ಲೇ, ಗೂಳಿ ಎತ್ತಿ ಒಗೀತಾನೆ ನಿನ್ನ. ಅಮ್ಮ ಹೇಗಿದ್ದಾಳೆ? ಚೆನ್ನಾಗಿರ್ತಾಳೆ ಬಿಡು. ಬಸ್ಸು ಸಿಕ್ತಾ? ಸಿಕ್ಕಿರ್ಲೇಬೇಕು, ಬಂದಿದ್ದೀಯಲ್ಲ." ಅವನೇ ಕೇಳುತ್ತಿದ್ದ, ಅವನೇ ಉತ್ತರ ಕೊಟ್ಟುಕೊಳ್ಳುತ್ತಿದ್ದ. ಇತ್ತೀಚೆಗೆ ಮಾವ ಹೀಗೇ, ಬಾಯಿಗೆ ಬಿಡುವು ಕೊಡುವುದಿಲ್ಲ ಎಂದು ಅಮ್ಮ ಹೇಳಿದ್ದಳು. ವಯಸ್ಸಾಯಿತು ಎಂದು ಇಬ್ಬರೂ ನಕ್ಕಿದ್ದರು.

ಗುಬ್ಬಿ ಕೆಲಸ ಶುರುಮಾಡಿದಳು. ಗಾಳಿಯ ಗೇಜಿನ ಮುಳ್ಳು ಇರಬೇಕಾದಲ್ಲಿತ್ತು. ಮುಚ್ಚಳದ ಕೆಳಗಿನ ಸಣ್ಣ ಹನಿಕೊಳವೆ ಒಣಗಿತ್ತು. ಎಂದರೆ ನೀರು ಎಲ್ಲೂ ಕದ್ದು ಮೇಲೆ ಬರುತ್ತಿಲ್ಲ. ಗಾಳಿ ಇಳಿದರೆ ಕೂಗಬೇಕಾದ ಪೀಪಿಯನ್ನು ಒತ್ತಿ ನೋಡಿದಳು. ಕೋಣೆಯೇ ಬಿರಿಯುವಂತೆ ಅದು ಅರಚಿತು, ಅವಳ ಹಲ್ಲೆಲ್ಲ ಜುಮ್ಮೆಂದಿತು. ಮಾವ ಅವಳಿಗೆ ಬೆನ್ನು ಮಾಡಿ ಟೀ ಸೋಸುತ್ತಿದ್ದ. ಅವನ ಕೈ ಒಂದಿಷ್ಟೂ ಅಲುಗಲಿಲ್ಲ. ಎಷ್ಟು ವರ್ಷದ ಅಭ್ಯಾಸ ಎಂದುಕೊಂಡಳು ಗುಬ್ಬಿ, ತುಸು ಹೆಮ್ಮೆಯಿಂದಲೇ.

ಇನ್ನು ನಿಜವಾದ ಪರೀಕ್ಷೆ. ಕೆಳಗಿನಿಂದ ನೀರು ಬರುವ ದೊಡ್ಡ ಚಕ್ರವನ್ನು ಬಹುಮಟ್ಟಿಗೆ ಮುಚ್ಚಿ, ಒಂದೆರಡು ಸುತ್ತು ಮಾತ್ರ ತೆರೆದಿಟ್ಟಳು. ಮುಚ್ಚಳ ತೆರೆದ ಕೂಡಲೇ ಚಕ್ರ ಪೂರ್ತಿ ಮುಚ್ಚಿಬಿಟ್ಟರೆ ಚಳಿಕೋಣೆಯ ತನಕ ನೀರು ಹೋಗುವುದಿಲ್ಲ. "ಮಾವ, ನೀನಿಲ್ಲಿ ಚಕ್ರದ ಹತ್ತಿರ ನಿಂತಿರು. ನಾನು ಹಿಂದೆ ಹೋಗಿ ಗಾಳಿ ಬಿಡ್ತೀನಿ," ಎಂದು ಕಟ್ಟಡ ಬಳಸಿಕೊಂಡು ಹೋದಳು. ಪೈಪುಗಳ ಕಟ್ಟಕಡೆಯ ತುದಿ ಹಿಂದಿನ ಗೋಡೆಯಿಂದ ಹೊರಗೆ ಮೂತಿ ಹಾಕಿಕೊಂಡಿತ್ತು. ಅದರ ನಲ್ಲಿ ತಿರುಗಿಸಿದಳು. ಒಂದು ಸ್ಪ್ರಿಂಕ್ಲರು ಒಡೆದರೆ ಎಷ್ಟು ಗಾಳಿ ಹೋಗುತ್ತದೋ ಅಷ್ಟೇ ಬಿಡುವ ನಲ್ಲಿ. ಕಬ್ಬಿಣದ ವಾಸನೆಯ ತಣ್ಣನೆ ಗಾಳಿ ಭುಸ್ಸೆಂದು ನುಗ್ಗಿತು. ಇನ್ನು ಮುಂದಿನ ಗೋಡೆಯ ಮೇಲಿನ ಗಂಟೆ ತಾನಾಗಿ ಬಾರಿಸಬೇಕು. ಅಜ್ಜಿ ಎದ್ದಾಗ ನೀರೇ ತಿರುಗಿಸಿ ಬಾರಿಸುವ ಗಂಟೆ ಅದು, ಆವರಣಕ್ಕೆಲ್ಲ ಕೇಳುತ್ತದೆ.

ಗಂಟೆ ಬಾರಿಸಲಿಲ್ಲ.

ಗಾಳಿ ಮಾತ್ರ ಹೋಗುತ್ತಲೇ ಇತ್ತು. ಮುಗಿಯಲಾರದ ನಿಟ್ಟುಸಿರಿನ ಹಾಗೆ. ಗುಬ್ಬಿ ಮಾವನಿಗೆ ಫೋನು ಮಾಡಿದಳು. "ಮಾವ, ಮುಳ್ಳು ಎಲ್ಲಿಗೆ ಬಂತು?"

"ಹೇಳು ಹೇಳು! ಎಲ್ಲ ಚೆನ್ನಾಗೇ ಇದೆ. ನೀನೇ ಬಂದು ನೋಡ್ಕೋ, ಫೋನಲ್ಲಿ ಏನು ಮಾತಾಡ್ತೀಯ," ಎಂದು ಅವನು ಇಟ್ಟೇಬಿಟ್ಟ.

ನಲ್ಲಿ ಮುಚ್ಚಿ ಓಡಿ ಬಂದಳು. ಮುಳ್ಳು ಒಂಚೂರು ಇಳಿದು, ಹಟ ಹಿಡಿದ ಕತ್ತೆಯ ಹಾಗೆ ಅಲ್ಲೇ ನಿಂತಿತ್ತು.

ಮುಚ್ಚಳದ ಮೇಲೆ ನೀರು ತುಂಬಿಕೊಂಡು ಭಾರವಾಗಿದ್ದರೆ ಹೀಗಾಗುತ್ತದೆ. ಪಕ್ಕದ ಸಣ್ಣ ನಲ್ಲಿ ತೆರೆದು ನೋಡಿದಳು, ಇರಬೇಕಾದಷ್ಟೇ ಇತ್ತು. ಮುಚ್ಚಳದ ರಬ್ಬರು ಅಂಟಿಕೊಂಡಿದ್ದರೆ? ಆದರೆ ಆಗ ಗಾಳಿಯಾದರೂ ಪೂರ್ತಿ ಖಾಲಿಯಾಗಬೇಕಿತ್ತು. ಗಾಳಿ ಇಳಿಯದೆ ನಿಂತಿದೆ ಎಂದರೆ ಎಲ್ಲಿಂದಲೋ ಬಂದು ತುಂಬುತ್ತಿದೆ. ಗುಬ್ಬಿ ಗಾಳಿಯ ಪೈಪನ್ನು ಬೆರಳಿನಿಂದ ಸವರಿಕೊಂಡು ಹಿಂದಕ್ಕೆ ಹೋದಳು.

ಗಾಳಿ ಬರಲು ಎರಡು ದಾರಿ. ಒಂದು, ಸೂಜಿಯ ಕಣ್ಣಿನಷ್ಟು ಕಿರಿದು. ಚಿಕ್ಕಪುಟ್ಟ ಸೋರಿಕೆ ತುಂಬಿಸುವುದಕ್ಕೆ ಅಷ್ಟೇ ಸಾಕು. ಇನ್ನೊಂದು ಅಗಲವಾದ ಬೈಪಾಸು, ಪೈಪುಗಳನ್ನು ಮೊದಲ ಸಲ ತುಂಬಿಸುವಾಗ ಮಾತ್ರ ತೆರೆದು ಆಮೇಲೆ ಮುಚ್ಚಿಬಿಡುವಂಥದ್ದು. "ಅಜ್ಜಿಗೆ ಚಮಚದಲ್ಲೇ ತಿನ್ನಿಸಬೇಕು ಕಣೇ, ಬಿಂದಿಗೆಯಲ್ಲಿ ಸುರೀಬಾರ್ದು. ಸುರಿದ್ರೆ ಅವಳು ಜಾಗ ಬಿಟ್ಟು ಏಳೋದೇ ಇಲ್ಲ." ಬೋರಲು ಬಕೆಟ್ಟಿನ ಮೇಲೆ ಕೂತು ಕೇಳಿದ ಮಾತು ಅದು.

ಬೈಪಾಸಿನ ಹಿಡಿ ತೆರೆದಿತ್ತು. ಪ್ಯಾಕಿಂಗ್ ಯಂತ್ರಗಳನ್ನು ಓಡಿಸುವ ದೊಡ್ಡ ಟ್ಯಾಂಕಿನ ಗಾಳಿಯೆಲ್ಲ ನೇರವಾಗಿ ಇತ್ತ ಹರಿಯುತ್ತಿತ್ತು. ಮರೆತು ಬಿಟ್ಟದ್ದೂ ಅಲ್ಲ. ಹಿಡಿಯನ್ನು ಯಾರ ಕೈಯೂ ತಾಗಿ ಮುಚ್ಚಿಹೋಗದಂತೆ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಲಾಗಿತ್ತು. ಅತ್ತೆಯ ಹಳೇ ಏಪ್ರನ್ನಿನ ನೀಲಿ ಚೌಕಳಿ ಬಟ್ಟೆ. ಗುಬ್ಬಿಗೆ ಅದರ ಗುರುತು ಚೆನ್ನಾಗಿತ್ತು, ಚಿಕ್ಕವಳಿದ್ದಾಗ ಅದಕ್ಕೇ ಮೂಗು ಒರೆಸಿಕೊಳ್ಳುತ್ತಿದ್ದಳು.

ತಿರುಗಿ ನೋಡಿದರೆ ಮಾವ ಅಲ್ಲೇ ನಿಂತಿದ್ದ. ಅವಳ ಮುಖ ನೋಡಿಯೇ ಅವನ ಮುಖ ಇಳಿಯಿತು.

"ಬೈಬೇಡ ಕಣೇ," ಎಂದ.

"ಮಾವ, ಇದು ಹೀಗಿದ್ರೆ ಒಳಗೆ ಸೂರೇ ಹತ್ತಿ ಉರಿದ್ರೂ ಅಜ್ಜಿ ಏಳಲ್ಲ. ಒಂದು ಹನಿ ನೀರೂ ಬೀಳಲ್ಲ."

"ಹೋದ ಸಲ ಎದ್ದಳಲ್ಲ, ಆಗ ನೋಡ್ಬೇಕಿತ್ತು ನೀನು. ಅಷ್ಟೂ ಹೆಂಗಸರು ನನ್ನ ಮುಖ ನೋಡ್ಕೊಂಡು ಹೊರಗೆ ಹೋದ್ರು. ಒಬ್ಬರೂ ಒಂದು ಮಾತು ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು." ಅವನು ಗಂಟಿನ ಕಡೆಗೇ ನೋಡುತ್ತಿದ್ದ. "ಈ ಸಲನೂ ಎಲ್ಲೋ ಸೋರ್ತಾ ಇದೆ. ಹುಡುಕ್ತಾ ಇದ್ದೀನಿ. ಅಲ್ಲೀತನಕ ಅಜ್ಜಿ ಏಳ್ದೇ ಇರ್ಲಿ ಅಂತ ಇದನ್ನ ಕಟ್ಟಿಟ್ಟೆ, ಸಿಕ್ಕಿದ ತಕ್ಷಣ ಬಿಚ್ಚಿಬಿಡ್ತೀನಿ ಅಂದ್ಕೊಂಡೆ. ಮಂಜಿನ ಕೋಣೇಲಿ ಬೆಂಕಿ ಎಲ್ಲಿಂದ ಬರ್ಬೇಕು ಹೇಳು?"

"ಗೋಡೆ ಪೂರ್ತಿ ಫೋಮು. ಪೆಟ್ಟಿಗೆ ಪೂರ್ತಿ ರಟ್ಟು. ಕವರು ಅಂಟಿಸೋ ಹೀಟರು ಇಡೀ ದಿನ ಕೆಂಪಗಿರತ್ತೆ," ಎಂದಳು ಗುಬ್ಬಿ ಮೆಲ್ಲಗೆ. "ಅದರ ಮುಂದೆ ನಿಲ್ಲೋದು ನಮ್ಮತ್ತೇನೇ."

ಮಾವ ಉತ್ತರ ಕೊಡಲಿಲ್ಲ. ಗಂಟನ್ನೇ ನೋಡುತ್ತಿದ್ದ. ಅವನಿಗೆ ನಾಚಿಕೆಯಾಗಿದೆ ಎಂದುಕೊಂಡು ಅವಳೂ ಸುಮ್ಮನಾದಳು. ಗಂಟು ಬಿಚ್ಚಲು ಬರಲಿಲ್ಲ. ಕತ್ತರಿಸಿದಳು. ಹಿಡಿ ಮುಚ್ಚಿದಳು. ಮುಳ್ಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯತೊಡಗಿತು. ಸೂಜಿಯ ಕಣ್ಣಿನಿಂದ ಬರುವ ಗಾಳಿಗಿಂತ ಸೋರುವುದೇ ಹೆಚ್ಚು. ಅದು ಪೂರ್ತಿ ಇಳಿಯುವುದರೊಳಗೆ ಸೋರಿಕೆ ಸಿಕ್ಕಿ ಮುಚ್ಚಿದರೆ ಹಸಿರು ಚೀಟಿ. ಸಿಗದಿದ್ದರೆ ಕೆಂಪು.

ಊಟಕ್ಕೆ ಮುಂಚೆ, ಹಿಮ ಕರಗಿಸುವುದಕ್ಕೆಂದು ಚಳಿಕೋಣೆಯ ಫ್ಯಾನುಗಳು ಕೊಂಚ ಹೊತ್ತು ನಿಲ್ಲುತ್ತವೆ. ಕಿವಿಯಿಂದ ಸೋರಿಕೆ ಹುಡುಕಲು ಅದೊಂದೇ ಗಳಿಗೆ. ಮಾವ ಕಿವಿ ಮುಚ್ಚದ ಹಾಗೆ ಟೋಪಿ ಸರಿಸಿಕೊಂಡು ಹೊರಟ. ಗುಬ್ಬಿ ಏಣಿ, ಸೋಪಿನ ನೀರಿನ ಡಬ್ಬಿ ಹಿಡಿದು ಹಿಂದೆ ನಡೆದಳು. ದಪ್ಪ ಬಾಗಿಲು ತೆರೆದದ್ದೇ ಬಿಳೀ ಉಸಿರು ಮುಖಕ್ಕೆ ಬಡಿಯಿತು. ಪ್ಯಾಕಿಂಗ್ ಮೇಜಿನ ಸುತ್ತ ಹತ್ತಿಮೂಟೆಗಳ ಹಾಗೆ ಉಡುಪು ತೊಟ್ಟ ಹೆಂಗಸರು.

"ಬಂದ್ಲು ನೋಡ್ರೇ ನಮ್ಮ ಇನ್ಸ್‌ಪೆಕ್ಟ್ರಮ್ಮ!" ಎಂದಳು ಅತ್ತೆ. "ಮಾವನಿಗೆ ಎಷ್ಟು ಮಾರ್ಕ್ಸ್ ಕೊಟ್ಟೆ?"

"ಇನ್ನೂ ಬರೀತಾ ಇದ್ದಾನೆ," ಎಂದಳು ಗುಬ್ಬಿ.

"ನಕಲು ಮಾಡೋಕೆ ಬಿಡ್ಬೇಡ ಕಣಮ್ಮ," ಎಂದು ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ನಕ್ಕರು.

ಫ್ಯಾನುಗಳು ಒಂದೊಂದಾಗಿ ನಿಂತವು. ಮಾವ ಕೋಣೆಯ ನಡುವೆ ಹೋಗಿ ಬಲಗೈ ಎತ್ತಿದ.

ನಗು ನಿಂತಿತು. ಟೇಪು ಹರಿಯುವ ಸದ್ದು ನಿಂತಿತು. ಗಾಡಿಯ ಚಕ್ರ ನಿಂತಿತು. ಈ ಮೌನವನ್ನು ಗುಬ್ಬಿ ಮಗುವಾಗಿದ್ದಾಗ ಕೇಳಿದ್ದಳು, ಪೆಟ್ಟಿಗೆಗಳ ನಡುವೆ ಬಚ್ಚಿಟ್ಟುಕೊಂಡು ನೋಡಿದ್ದಳು. ಮಾವ ಕತ್ತು ವಾಲಿಸಿದ. ಒಂದು ಹೆಜ್ಜೆ. ಇನ್ನೊಂದು.

ಆಗ ಅವಳಿಗೆ ಅದು ಕೇಳಿಸಿತು. ಸ್ಸ್ಸ್ ಎಂದು, ತೆಳ್ಳಗೆ, ಹಲ್ಲುಸಂದಿಯಿಂದ ಎಳೆದ ಉಸಿರಿನ ಹಾಗೆ. ಮೇಜಿನ ಆಚೆಯ ಪೈಪು, ತಿರುವಿನ ಹತ್ತಿರ. ಕೇಳಿಸಿಕೊಳ್ಳಲು ರಾಯನ ಕಿವಿಯೇನೂ ಬೇಕಿರಲಿಲ್ಲ. ಯಾರಿಗಾದರೂ ಕೇಳುವಷ್ಟಿತ್ತು.

ಮಾವ ಅದರತ್ತಲೇ ನಡೆದ. ಅದರ ಕೆಳಗೆ ಬಂದ. ನೆತ್ತಿಯ ಮೇಲೆಯೇ ಅದು ಊದುತ್ತಿತ್ತು, ಅವನ ಟೋಪಿಯ ಉಣ್ಣೆಯ ಎಳೆಗಳು ಕೂಡ ಅಲುಗುತ್ತಿದ್ದವು. ಅವನು ಕಣ್ಣು ಮುಚ್ಚಿದ. ಬಹಳ ಹೊತ್ತು ನಿಂತ. ಆಮೇಲೆ ಕಣ್ಣು ತೆರೆದು, ತಲೆ ಅಡ್ಡಡ್ಡ ಆಡಿಸಿ, ಅಲ್ಲಿಂದ ದಾಟಿ ಮುಂದೆ ಹೋದ.

ಗುಬ್ಬಿ ಹೆಂಗಸರ ಕಡೆ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಅತ್ತೆಯೊಬ್ಬಳೇ ಅವಳನ್ನು ನೋಡುತ್ತಿದ್ದಳು. ಗ್ಲೌಸಿನ ಬೆರಳು ಅವಳ ತುಟಿಯ ಮೇಲಿತ್ತು.

ಮಾವ ಮೂಲೆಮೂಲೆಗೂ ಹೋಗಿ ಬಂದ. ಕೈ ಎತ್ತಿಯೇ ಇತ್ತು. ಅಷ್ಟು ಹೊತ್ತೂ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಕೈ ಇಳಿಸಿ, "ಇಲ್ಲಿಲ್ಲ. ಹಿಂದಿನ ಸಾಲಲ್ಲಿರ್ಬೇಕು," ಎಂದು ಪೆಟ್ಟಿಗೆಗಳ ಹಿಂದೆ ಮರೆಯಾದ.

ಗುಬ್ಬಿ ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಯಾವಾಗಿಂದ?"

"ಮೆಲ್ಲಗೆ ಮಾತಾಡು ಅನ್ನೋಕೆ ಹೊರಟಿದ್ದೆ ನೋಡು," ಎಂದಳು ಅತ್ತೆ. ನಗಲು ಹೋದಳು, ತುಟಿ ಜೊತೆ ಕೊಡಲಿಲ್ಲ. "ಹೋದ ವರ್ಷಕ್ಕೂ ಮುಂಚಿಂದ. ಅವತ್ತಿನ ಸೋರಿಕೆ ಅವರಿಗೆ ಕೇಳಿಸಿದ್ರೆ ಅಜ್ಜಿ ಯಾಕೆ ಏಳ್ತಿದ್ಲು?"

"ಇವರಿಗೆಲ್ಲ ಗೊತ್ತಾ?"

"ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರೋದು ಮ್ಯಾನೇಜರಿಗೆ. ಮತ್ತೆ ನಮಗೆಲ್ಲ ಗೊತ್ತು ಅನ್ನೋದು ನಿಮ್ಮ ಮಾವನಿಗೆ ಗೊತ್ತಿಲ್ಲ. ಅವರು ಕೈ ಎತ್ತುತಾರೆ, ನಾವು ಸುಮ್ಮನಾಗ್ತೀವಿ. ಅಷ್ಟೇ ನಡೀತಾ ಇದೆ."

"ಹೇಳ್ಬಾರ್ದಿತ್ತಾ? ಡಾಕ್ಟರ ಹತ್ರ..."

"ಮೊದಲನೇ ದಿನ ಹೇಳಿದ್ರೆ ಹೇಳಬಹುದಿತ್ತು ಮಗಳೇ. ಒಂದು ದಿನ ಸುಮ್ಮನಿದ್ದೆ. ಆಮೇಲೆ ಹೇಗೆ ಹೇಳೋದು? ಇಷ್ಟು ದಿನ ನಾಟಕ ಮಾಡ್ತಿದ್ರಾ ಅಂತಾರೆ." ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡಳು. "ಹಸಿರು ಚೀಟಿ ಕಟ್ಟಿಬಿಡು ಗುಬ್ಬಿ. ಆ ಬೈಪಾಸು ಏನೋ ಹಾಗೇ ಇರ್ಲಿ. ನನಗೇನೂ ಆಗಲ್ಲ. ಈ ಚಳೀಲಿ ನಮ್ಮ ಮಾತೇ ಹೆಪ್ಪುಗಟ್ಟತ್ತೆ, ಬೆಂಕಿ ಎಲ್ಲಿ ಹತ್ತತ್ತೆ?"

ಅವಳ ಭುಜದ ಆಚೆ ಹೀಟರಿನ ತಂತಿ ಕೆಂಪಗಿತ್ತು. ಅದರ ಪಕ್ಕ ರಟ್ಟಿನ ಪೆಟ್ಟಿಗೆಗಳು ಸೂರಿನ ತನಕ. ಗೂಳಿಯನ್ನು ಕಟ್ಟುವುದು, ಬಿಡುವುದು, ಅಜ್ಜಿಗೆ ತಿನ್ನಿಸುವುದು, ಎಲ್ಲ ಗುಬ್ಬಿಗೆ ಗೊತ್ತಿತ್ತು. ಇದಕ್ಕೆ ಯಾವ ಚಕ್ರ, ಯಾವ ಕಡೆಗೆ ತಿರುಗಿಸಬೇಕು?

ಒಂದೇ ದಾರಿ ಉಳಿದಿತ್ತು. ಈ ಸೋರಿಕೆಯನ್ನು ಇವತ್ತೇ ಮುಚ್ಚಿಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅವಳು ಏಣಿ ನಿಲ್ಲಿಸಿದಳು. ಮೊದಲು ಚಕ್ರದ ಹತ್ತಿರ ಯಾರಾದರೂ ಇರಬೇಕು. ಪೆಟ್ಟಿಗೆಗಳ ಹಿಂದಿನಿಂದ ಬಂದ ಮಾವನ ಮುಂದೆ ನಿಂತು, ಅವನ ಕಣ್ಣಿಗೆ ಕಣ್ಣಿಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ಮಾವ. ನೀನು ಹೋಗಿ. ಮುಳ್ಳು ನೋಡ್ತಾ ಇರು. ತೀರಾ ಇಳಿದ್ರೆ. ಚಕ್ರ ಮುಚ್ಚಿಬಿಡು."

ಮಾವ ಅವಳ ಬಾಯನ್ನೇ ನೋಡಿದ. ಆಮೇಲೆ ಅವಳ ಕಣ್ಣು ನೋಡಿದ.

"ಯಾಕೆ ಹಾಗೆ ನಿಧಾನಕ್ಕೆ ಮಾತಾಡ್ತೀಯ?" ಎಂದ. "ನಾನೇನು ಎಳೇ ಮಗುನಾ?"

ಮಾವ ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ಹೊರಟುಹೋದ.

ಅವಳು ಏಣಿ ಹತ್ತಿದಳು. ಬ್ರಷ್ಷಿನಿಂದ ತಿರುವಿಗೆ ಸೋಪಿನ ನೀರು ಸವರಿದಳು. ಅದು ಹೆಪ್ಪುಗಟ್ಟುವ ಮುಂಚೆ ಒಂದೇ ಕ್ಷಣ ಗುಳ್ಳೆ ಉಬ್ಬಿತು, ಕಾಮನಬಿಲ್ಲಿನ ಬಣ್ಣವೆಲ್ಲ ತುಂಬಿಕೊಂಡು, ಒಡೆಯಿತು. ಪೈಪಿನ ತಿರುವಿನಲ್ಲಿ ಕೂದಲಿನಷ್ಟು ಬಿರುಕು. ಹೋದ ವರ್ಷ ಹೆಪ್ಪುಗಟ್ಟಿದ್ದ ಪೈಪುಗಳನ್ನು ಬದಲಿಸುವಾಗ ಇದೊಂದನ್ನು ಹಾಗೇ ಬಿಟ್ಟಿದ್ದರು. ರಬ್ಬರು ಸುತ್ತಿ, ಪಟ್ಟಿ ಹಾಕಿ, ಸ್ಪ್ಯಾನರಿನಿಂದ ಬಿಗಿದಳು. ಬೆರಳುಗಳಿಗೆ ಬೆರಳುಗಳ ನೆನಪೇ ಇರಲಿಲ್ಲ. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಕೆಳಗೆ ಏಣಿ ಹಿಡಿದಿದ್ದ ಅತ್ತೆ ಮುಖವೆತ್ತಿ ನೋಡಿದಳು. ಗುಬ್ಬಿ ನಕ್ಕಳು.

ಆಗ ಪಟ್ಟಿಯ ಆಚೆ ಬದಿಯಲ್ಲಿ, ಸ್ಸ್ಸ್. ಬಿಗಿದ ಭಾರಕ್ಕೆ ಬಿರುಕು ಮುಂದಕ್ಕೆ ಓಡಿತ್ತು. ಅಂಗೈಯಿಂದಲೇ ಒತ್ತಿ ಹಿಡಿದಳು. ಬೆರಳ ಸಂದಿಯಿಂದ ಗಾಳಿ ಹೋಗುತ್ತಲೇ ಇತ್ತು. ಎರಡೂ ಕೈ ಒತ್ತಿದಳು. ಹಣೆ ಕೂಡ ಪೈಪಿಗೆ ಆನಿಸಿದಳು, ಅದರಿಂದ ಏನಾಗುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಫ್ಯಾನುಗಳು ಮತ್ತೆ ಒಂದೊಂದಾಗಿ ಗುಂಯ್‌ಗುಟ್ಟತೊಡಗಿದವು. ಇನ್ನು ಸೋರಿಕೆಯ ಸದ್ದೂ ಕೇಳುವಂತಿರಲಿಲ್ಲ.

ಆ ಗುಂಯ್‌ಗುಟ್ಟುವಿಕೆಯನ್ನು ಸೀಳಿಕೊಂಡು, ದಪ್ಪ ಗೋಡೆಯ ಆಚೆಯಿಂದ, ಗಂಟೆ ಬಾರಿಸತೊಡಗಿತು.

ಅತ್ತೆ ಏಣಿ ಬಿಟ್ಟಳು. "ಅಜ್ಜಿ ಎದ್ಲು!" ಎಂದು ಯಾರೋ ಕೂಗಿದರು. ಗುಬ್ಬಿ ಅರ್ಧ ಏಣಿಯಿಂದಲೇ ಹಾರಿ ಓಡಿದಳು. ಹಿಂದೆಯೇ ಹೆಂಗಸರೆಲ್ಲ.

ಅಂಗಳದಲ್ಲಿ, ಮುಂದಿನ ಗೋಡೆಯ ಕೆಂಪು ಗಂಟೆಯ ಕೆಳಗೆ ಮಾವ ನಿಂತಿದ್ದ. ಪರೀಕ್ಷೆ ಎಲ್ಲಿಗೆ ಬಂತು ಎಂದು ಕೇಳಲು ಮ್ಯಾನೇಜರು ಅವನನ್ನು ಹೊರಗೆ ಕರೆದಿದ್ದರಂತೆ. ಮಾವ ಹೇಳುತ್ತಿದ್ದ. ಕೈ ಆಡಿಸಿಕೊಂಡು, ನಗುನಗುತ್ತ, ತನ್ನ ಎಂದಿನ ಧಾಟಿಯಲ್ಲಿ ಹೇಳುತ್ತಿದ್ದ: "...ಕಡ್ಡಿ ಥರ ಇದ್ರೂ ಗಟ್ಟಿಗಿತ್ತಿ ಸಾರ್ ನಮ್ಮಜ್ಜಿ, ಅಷ್ಟು ಸುಲಭಕ್ಕೆ ಏಳೋಳಲ್ಲ, ನಮ್ಮ ಹುಡುಗಿ ನೋಡಿದ್ದಾಳಲ್ಲ ಎಲ್ಲ..." ಅವನ ತಲೆಯ ಮೇಲೆ ಗಂಟೆ ಗಂಟಲು ಹರಿಯುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಮ್ಯಾನೇಜರು ಎರಡೂ ಕಿವಿ ಮುಚ್ಚಿಕೊಂಡಿದ್ದರು. ಬಿಟ್ಟ ಕಣ್ಣಿನಿಂದ ಮಾವನ ಬಾಯನ್ನೇ ನೋಡುತ್ತಿದ್ದರು. ಪೆನ್ನು ಕಾಲಬಳಿ ಬಿದ್ದಿತ್ತು.

ಗುಬ್ಬಿ ಅವರಿಬ್ಬರ ಪಕ್ಕದಲ್ಲೇ ಹಾದು ವಾಲ್ವ್ ರೂಮಿಗೆ ನುಗ್ಗಿದಳು. ಪೀಪಿಯೂ ಅರಚುತ್ತಿತ್ತು. ಎಷ್ಟು ಹೊತ್ತಿನಿಂದ ಅರಚುತ್ತಿತ್ತೋ. ಚಕ್ರ ಮುಚ್ಚಿದಳು, ಡ್ರೈನು ತೆರೆದಳು, ನೀರು ಕಾಲಮೇಲೆಲ್ಲ ಹರಿಯಿತು. ಪೀಪಿಯ ಸ್ವಿಚ್ಚು ಆರಿಸಿದಳು. ಮುಳ್ಳು ಎಲ್ಲಿ ಇಳಿದಾಗ ಮುಚ್ಚಳ ತೆರೆಯಬೇಕೋ ಸರಿಯಾಗಿ ಅಲ್ಲೇ ತೆರೆದಿರಬೇಕು. ವಾಲ್ವಿನಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡ ವಾಲ್ವನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ನೆಲದ ಮೇಲೆ ಕತ್ತರಿಸಿದ ನೀಲಿ ಚೌಕಳಿ ಪಟ್ಟಿ ನೆನೆದು ಬಿದ್ದಿತ್ತು.

ಹೊರಗೆ ಬಂದಾಗ ಗಂಟೆ ಸುಸ್ತಾಗಿ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಮಾವನ ಮಾತು ನಿಂತಿತ್ತು. ಅವನು ಮ್ಯಾನೇಜರ ಕೈಗಳನ್ನು ನೋಡಿದ, ಆ ಕೈಗಳು ಮುಚ್ಚಿದ್ದ ಕಿವಿಗಳನ್ನು ನೋಡಿದ, ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರನ್ನು ನೋಡಿದ, ಅತ್ತೆಯನ್ನು ನೋಡಿದ. ಆಮೇಲೆ ನಿಧಾನಕ್ಕೆ ತಿರುಗಿ, ಗಂಟೆ ನಡುಗುತ್ತಿದೆಯೋ ಎಂದು ತಿಳಿಯಲು ಬಲಗೈ ಎತ್ತಿದ.

ಕೈ ಎತ್ತಿದ್ದೇ ತಡ ಹೆಂಗಸರ ಗುಜುಗುಜು ತಟ್ಟನೆ ನಿಂತಿತು. ಯಾರೂ ಹೇಳಲಿಲ್ಲ. ಅಭ್ಯಾಸ. ಮ್ಯಾನೇಜರು ಕೂಡ ಉಸಿರು ಹಿಡಿದರು.

ಮಾವ ಅಂಗೈಯನ್ನು ಗಂಟೆಯ ಮೇಲೆ ಒತ್ತಿ ನಿಂತ. ಕೊನೆಯ ಪೆಟ್ಟು ಅವನ ಕೈಯಡಿಯಲ್ಲೇ ಬಿತ್ತು.

"ಎದ್ದಳಾ?" ಎಂದು ಗೋಡೆಯ ಕಡೆಗೇ ಮುಖ ಮಾಡಿ ಕೇಳಿದ.

"ಎದ್ದಳು ಮಾವ," ಎಂದಳು ಗುಬ್ಬಿ.

"ಚೆನ್ನಾಗಿ ಬಾರಿಸ್ತಾ?"

"ಚೆನ್ನಾಗಿ ಬಾರಿಸ್ತು. ಊರಿಗೆಲ್ಲ ಕೇಳೋ ಹಾಗೆ."

ಮಾವ ಕೈ ಇಳಿಸಲಿಲ್ಲ. ಕತ್ತು ಒಂದು ಕಡೆಗೆ ವಾಲಿಸಿ, ಉತ್ತರಕ್ಕಾಗಿ ಕಾಯುತ್ತ ಹಾಗೇ ನಿಂತಿದ್ದ. ಗುಬ್ಬಿ ಅವನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ, ಅವನ ಮುಖದ ಮುಂದೆ ಬಂದು ನಿಂತಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಅವುಗಳಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ.